ಸ್ಥಿರಾಸ್ತಿ ವ್ಯಾಜ್ಯ: ಕರಾರಿನ ದಿನವೇ ಆರಂಭವಾಗುವ ದಾವೆ

ಮಳಿಗೆಯನ್ನು ಬಾಡಿಗೆಗೆ ಹಿಡಿಯುವಾಗ, ಕಾರ್ಖಾನೆಯ ಶೆಡ್ಡಿಗೆ ಮುಂಗಡ ಕೊಡುವಾಗ, ನಿವೇಶನಕ್ಕೆ ಕ್ರಯದ ಕರಾರು ಮಾಡಿಕೊಳ್ಳುವಾಗ ನಮ್ಮ ವ್ಯಾಪಾರಿ ಬಾಂಧವರು ಎರಡು ವಿಷಯಗಳನ್ನು ಬಲು ಎಚ್ಚರದಿಂದ ವಿಚಾರಿಸುತ್ತಾರೆ. ಮೊತ್ತ ಎಷ್ಟು, ಸ್ವಾಧೀನ ಎಂದು? ಕಾಗದಪತ್ರದ ಪ್ರಶ್ನೆ ಬಂದಾಗ ಮಾತ್ರ "ಸ್ಟ್ಯಾಂಪ್ ಪೇಪರಿನಲ್ಲಿ ಅಗ್ರಿಮೆಂಟ್ ಆಗಿದೆಯಲ್ಲ, ಸಾಕು" ಎಂಬ ಸಮಾಧಾನ ಸಾಮಾನ್ಯ. ವಿವಾದ ಹುಟ್ಟಿ ವಕೀಲರ ಕಚೇರಿಗೆ ಹೋದ ಮೇಲೆ ಆ ಅಗ್ರಿಮೆಂಟಿನ ಬೆಲೆ ತಿಳಿಯುತ್ತದೆ. ಅಷ್ಟರಲ್ಲಿ ಅದನ್ನು ಸರಿಪಡಿಸುವ ಕಾಲ ಮೀರಿರುತ್ತದೆ.

ಸ್ಥಿರಾಸ್ತಿಯ ದಾವೆಯ ಫಲಿತಾಂಶ ಬಹುಪಾಲು ಕರಾರಿಗೆ ಸಹಿ ಬಿದ್ದ ದಿನವೇ ನಿರ್ಧಾರವಾಗಿರುತ್ತದೆ ಎಂಬುದನ್ನು ಉದಾಹರಣೆಗಳೊಡನೆ ವಿವರಿಸುವುದು ಈ ಲೇಖನದ ಉದ್ದೇಶ. ಸಿವಿಲ್ ನ್ಯಾಯಾಲಯದಲ್ಲಿ ದಾವೆ ನಡೆಯುವ ಕ್ರಮವನ್ನೂ, ಅದರಲ್ಲಿ ತಪ್ಪಿಸಿಕೊಳ್ಳಬಾರದ ಗಡುವುಗಳನ್ನೂ ಜೊತೆಯಲ್ಲಿ ತಿಳಿಸಲಾಗಿದೆ.

1. ಇಂಗ್ಲಿಷ್ ಕಾನೂನಿನ ಬೇರು, ನಮ್ಮ ಬೇರೆ ದಾರಿ

ನಮ್ಮ ಸ್ವತ್ತು ವರ್ಗಾವಣೆ ಅಧಿನಿಯಮ 1882ರದು. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರದು. ಎರಡರ ಮೂಲವೂ ಇಂಗ್ಲಿಷ್ ಕಾನೂನಿನಲ್ಲಿದೆ. ಆದರೆ ವ್ಯಾಪಾರಿಗಳಿಗೆ ಬಹಳ ಮುಖ್ಯವಾದ ಒಂದು ವಿಷಯದಲ್ಲಿ ಎರಡು ದೇಶಗಳ ದಾರಿ ಬೇರೆಯಾಗಿದೆ.

1882ರಲ್ಲೇ ಇಂಗ್ಲೆಂಡಿನ ನ್ಯಾಯಾಲಯವು ವಾಲ್ಷ್ ವಿರುದ್ಧ ಲಾನ್ಸ್‌ಡೇಲ್ ಪ್ರಕರಣವನ್ನು ತೀರ್ಮಾನಿಸಿತು. ಅದು ಒಂದು ಗಿರಣಿಯ ಏಳು ವರ್ಷಗಳ ಗುತ್ತಿಗೆಯ ವಿಷಯ. ವಿಧಿವತ್ತಾದ ಗುತ್ತಿಗೆ ಪತ್ರ ಆಗಿರಲಿಲ್ಲ, ಒಪ್ಪಂದ ಮಾತ್ರ ಇತ್ತು. ಜಾರಿಗೊಳಿಸಬಹುದಾದ ಒಪ್ಪಂದವಿದ್ದರೆ ಗುತ್ತಿಗೆಯೇ ಆದಂತೆ ಎಂದು ಅಲ್ಲಿನ ನ್ಯಾಯಾಲಯ ಪರಿಗಣಿಸಿತು. ಇಂದಿಗೂ ಇಂಗ್ಲೆಂಡಿನಲ್ಲಿ ಕ್ರಯದ ಒಪ್ಪಂದ ಮಾಡಿಕೊಂಡವನಿಗೆ ಆಸ್ತಿಯಲ್ಲಿ ಒಂದು ಬಗೆಯ ಹಿತಾಸಕ್ತಿ ಹುಟ್ಟುತ್ತದೆ.

ನಮ್ಮಲ್ಲಿ ಹಾಗಿಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನ ಪ್ರಕಾರ ಕ್ರಯದ ಕರಾರು ತಾನಾಗಿಯೇ ಆಸ್ತಿಯಲ್ಲಿ ಯಾವ ಹಿತಾಸಕ್ತಿಯನ್ನೂ ಸೃಷ್ಟಿಸುವುದಿಲ್ಲ. ಇಂಗ್ಲಿಷ್ ತತ್ವವನ್ನು ಇಲ್ಲಿಗೆ ತರುವ ಪ್ರಯತ್ನವೂ ನಡೆಯಿತು. ಬಾಯಿಮಾತಿನ ಒಪ್ಪಂದವನ್ನು ನಂಬಿ ಕಲ್ಕತ್ತೆಯ ಜಾಗವೊಂದರಲ್ಲಿ ಕಟ್ಟಡ ಕಟ್ಟಿಕೊಂಡಿದ್ದವರ ಆರಿಫ್ ವಿರುದ್ಧ ಜದುನಾಥ್ ಪ್ರಕರಣ 1931ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಭಾರತದ ಶಾಸನ ನೋಂದಣಿಯನ್ನು ಕೇಳುವಾಗ ಇಂಗ್ಲೆಂಡಿನ ನ್ಯಾಯತತ್ವವು ಅದನ್ನು ಮೀರಲಾರದು ಎಂದು ಇಂಗ್ಲಿಷ್ ನ್ಯಾಯಾಧೀಶರೇ ಹೇಳಿದರು. ಒಪ್ಪಂದವನ್ನು ಜಾರಿಗೊಳಿಸಲು ದಾವೆ ಹೂಡುವ ಕಾಲಮಿತಿಯನ್ನೂ ಆ ಬಾಡಿಗೆದಾರ ಕಳೆದುಕೊಂಡಿದ್ದ. ಕಟ್ಟಡ ಅವನದು, ಜಾಗ ಮಾಲೀಕನದು. ಕೊನೆಗೆ ಖಾಲಿ ಮಾಡಬೇಕಾಯಿತು.

ಇಂತಹ ಕಷ್ಟವನ್ನು ಕಂಡು 1929ರ ತಿದ್ದುಪಡಿಯಿಂದ 53-ಎ ಕಲಮನ್ನು ಸೇರಿಸಲಾಗಿತ್ತು. ಲಿಖಿತ ಕರಾರಿನ ಮೇರೆಗೆ ಸ್ವಾಧೀನ ಪಡೆದವನಿಗೆ ಅದು ಗುರಾಣಿಯಂತಿತ್ತು. ಆದರೆ 2001ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ, ಕರಾರು ನೋಂದಣಿಯಾಗಿದ್ದರೆ ಮಾತ್ರ ಈ ಗುರಾಣಿ ದೊರೆಯುತ್ತದೆ.

2. ಕ್ರಯದ ಕರಾರು: ನಮ್ಮ ನಗರದ ಒಂದು ತೀರ್ಪು

ಈ ತತ್ವದ ಇತ್ತೀಚಿನ ಪಾಠ ಬೆಂಗಳೂರಿನಿಂದಲೇ ಬಂದಿದೆ. ನಗರದ ಹಳೆಯ ವಿದ್ಯಾಸಂಸ್ಥೆಯಾದ ಆರ್‌ಬಿಎಎನ್‌ಎಂಎಸ್ ಸಂಸ್ಥೆಯ ಸ್ವಾಧೀನದಲ್ಲಿದ್ದ ಆಸ್ತಿಯ ಬಗ್ಗೆ ಕೆಲವರು ನಗರ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ತಮಗೂ ಬೇರೊಬ್ಬರಿಗೂ 2018ರಲ್ಲಿ ಕ್ರಯದ ಕರಾರು ಆಗಿದೆ, 75 ಲಕ್ಷ ರೂಪಾಯಿ ಮುಂಗಡವನ್ನು ನಗದಾಗಿ ಕೊಟ್ಟಿದ್ದೇವೆ, ಆದ್ದರಿಂದ ಸಂಸ್ಥೆಯು ಆಸ್ತಿಯನ್ನು ಪರಭಾರೆ ಮಾಡದಂತೆ ತಡೆಯಬೇಕು ಎಂಬುದು ಅವರ ಕೋರಿಕೆ. 2025ರ ಏಪ್ರಿಲ್ 16ರಂದು ಸರ್ವೋಚ್ಚ ನ್ಯಾಯಾಲಯವು ವಾದಪತ್ರವನ್ನೇ ತಿರಸ್ಕರಿಸಿತು. ಕರಾರುದಾರನಿಗೆ ಹಕ್ಕು ಇರುವುದು ಕರಾರು ಮಾಡಿಕೊಟ್ಟವನ ಮೇಲೆ. ಕರಾರಿಗೆ ಸಂಬಂಧವೇ ಇಲ್ಲದೆ ಸ್ವಾಧೀನದಲ್ಲಿರುವ ಮೂರನೆಯವರ ಮೇಲೆ ಅವನು ದಾವೆ ಹೂಡಲಾರ. ಸಾಕ್ಷ್ಯ ವಿಚಾರಣೆಯ ಹಂತಕ್ಕೂ ಹೋಗದೆ ದಾವೆ ಅಲ್ಲಿಗೆ ಮುಗಿಯಿತು.

ಲೆಕ್ಕಪತ್ರದ ದೃಷ್ಟಿಯಿಂದ ಅದೇ ತೀರ್ಪಿನ ಇನ್ನೊಂದು ಭಾಗ ಬಹು ಮುಖ್ಯ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಕೊಟ್ಟಿದ್ದೇವೆಂದು ಯಾವುದೇ ದಾವೆಯಲ್ಲಿ ಹೇಳಿಕೊಂಡರೆ, ನ್ಯಾಯಾಲಯವು ಆ ಮಾಹಿತಿಯನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿದೆ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತದಲ್ಲಿ ನಗದಾಗಿ ಪಡೆಯುವುದು 2015ರ ಜೂನ್‌ನಿಂದಲೇ ನಿಷಿದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹೀಗಾಗಿ ನಗದು ಮುಂಗಡವೆಂಬುದು ಎರಡು ಅಲಗಿನ ಕತ್ತಿ. ದಾವೆಯಲ್ಲಿ ಹೇಳದಿದ್ದರೆ ಹಣ ಕೊಟ್ಟಿದ್ದಕ್ಕೆ ಸಾಕ್ಷಿಯಿಲ್ಲ, ಹೇಳಿದರೆ ತೆರಿಗೆ ಇಲಾಖೆಗೆ ಉತ್ತರ ಕೊಡಬೇಕು.

ಕರಾರು ಮಾಡಿಕೊಟ್ಟವನೇ ಕ್ರಯಪತ್ರ ಬರೆದುಕೊಡಲು ನಿರಾಕರಿಸಿದರೆ ಕರಾರಿನ ನಿರ್ದಿಷ್ಟ ಪಾಲನೆಗಾಗಿ ದಾವೆ ಹೂಡಬಹುದು. ಅದಕ್ಕೆ ಕಾಲಮಿತಿ 3 ವರ್ಷ. ಕರಾರಿನಲ್ಲಿ ದಿನಾಂಕ ನಿಗದಿಯಾಗಿದ್ದರೆ ಅಂದಿನಿಂದ, ಇಲ್ಲದಿದ್ದರೆ ನಿರಾಕರಣೆ ತಿಳಿದಂದಿನಿಂದ ಎಣಿಕೆ. ಕೊಳ್ಳುವವನು ಉಳಿದ ಹಣ ಕೊಡಲು ತಾನು ಸದಾ ಸಿದ್ಧನಿದ್ದೆನೆಂದು ತೋರಿಸಿಕೊಡಬೇಕು. ಬ್ಯಾಂಕಿನ ಲೆಕ್ಕಪಟ್ಟಿ, ಸಾಲ ಮಂಜೂರಾತಿ ಪತ್ರ, ಆದಾಯದ ವಿವರಪಟ್ಟಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಕರ್ನಾಟಕದ ನ್ಯಾಯಾಲಯ ಶುಲ್ಕ ಕಾಯ್ದೆಯ ಪ್ರಕಾರ ಇಂತಹ ದಾವೆಯ ಶುಲ್ಕವನ್ನು ಕ್ರಯದ ಪೂರ್ಣ ಮೊತ್ತದ ಮೇಲೆ ಲೆಕ್ಕ ಹಾಕಲಾಗುತ್ತದೆ. ದಾವೆಗೆ ಮುನ್ನ ಈ ವೆಚ್ಚವನ್ನೂ ಗಮನಿಸತಕ್ಕದ್ದು.

ಅಧಿಕಾರ ಪತ್ರ, ಅಂದರೆ ಜಿಪಿಎ ಮೂಲಕ ನಡೆಯುವ ಮಾರಾಟದ ವಿಷಯದಲ್ಲಿಯೂ ಭ್ರಮೆ ಬೇಡ. ಅಂತಹ ವ್ಯವಹಾರದಿಂದ ಮಾಲೀಕತ್ವ ವರ್ಗಾವಣೆಯಾಗದೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ಖಾತೆಯೂ ಹಾಗೆಯೇ, ಅದು ತೆರಿಗೆ ನಿರ್ಧರಣೆಯ ದಾಖಲೆ, ಮಾಲೀಕತ್ವದ ಪತ್ರವಲ್ಲ. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳು ಬಂದಿವೆ, ಖಾತೆ ಇ-ಖಾತೆಯಾಗಿದೆ. ಆದರೂ ಈ ತತ್ವ ಬದಲಾಗಿಲ್ಲ.

3. ಗುತ್ತಿಗೆ: ಆರು ತಿಂಗಳೋ ಹದಿನೈದು ದಿನವೋ?

ನಮ್ಮ ಭಾಗದ ಹೆಚ್ಚಿನ ವ್ಯಾಪಾರಿಗಳು ಮಾಲೀಕರಲ್ಲ, ಬಾಡಿಗೆದಾರರು. ಜಯನಗರ 4ನೆಯ ಬ್ಲಾಕಿನ ಮಳಿಗೆ, ಸಾರಕ್ಕಿ ಕೈಗಾರಿಕಾ ಬಡಾವಣೆಯ ಶೆಡ್ಡು, ಬನಶಂಕರಿಯ ಗೋದಾಮು, ಇವುಗಳಿಗೆ ಕಾನೂನು ಒಂದೇ.

ಕರ್ನಾಟಕ ಬಾಡಿಗೆ ಅಧಿನಿಯಮ, 1999 ತಮಗೆ ರಕ್ಷಣೆ ಕೊಡುತ್ತದೆಂದು ಅನೇಕರು ಇಂದಿಗೂ ನಂಬಿದ್ದಾರೆ. ವಾಣಿಜ್ಯ ಸ್ಥಳಗಳ ಪೈಕಿ ಅದು ಅನ್ವಯಿಸುವುದು 14 ಚದರ ಮೀಟರ್ ಮೀರದ ಮಳಿಗೆಗಳಿಗೆ ಮಾತ್ರ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳೂ ಅದರ ಹೊರಗೆ. ಎಂದರೆ ಇಂದು ಬಹುತೇಕ ಎಲ್ಲ ಮಳಿಗೆಗಳಿಗೂ ಸ್ವತ್ತು ವರ್ಗಾವಣೆ ಅಧಿನಿಯಮವೇ ಅನ್ವಯ.

ಆ ಅಧಿನಿಯಮದ 106ನೆಯ ಕಲಮಿನಲ್ಲಿ, ಬೇರೆ ಕರಾರಿಲ್ಲದಿದ್ದರೆ, ತಯಾರಿಕೆಯ ಉದ್ದೇಶಕ್ಕೆ ಕೊಟ್ಟ ಗುತ್ತಿಗೆಯನ್ನು ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆಯೆಂದು ಭಾವಿಸಿ 6 ತಿಂಗಳ ನೋಟೀಸು ನಿಗದಿಪಡಿಸಲಾಗಿದೆ. ಇತರ ಉದ್ದೇಶಗಳಿಗೆ 15 ದಿನ. ಸಣ್ಣ ಕೈಗಾರಿಕೆಯವರಿಗೆ ಈ ವ್ಯತ್ಯಾಸ ಅತಿ ದೊಡ್ಡದು. ಯಂತ್ರಗಳನ್ನು ಕಳಚಿ, ಹೊಸ ಜಾಗದಲ್ಲಿ ವಿದ್ಯುತ್ ಸಂಪರ್ಕ ಪಡೆದು, ಮತ್ತೆ ಜೋಡಿಸಲು 15 ದಿನ ಯಾತಕ್ಕೂ ಸಾಲದು.

ಆದರೆ ಈ 6 ತಿಂಗಳು ತಾನಾಗಿ ದೊರೆಯುವುದಿಲ್ಲ. 107ನೆಯ ಕಲಮಿನ ಪ್ರಕಾರ ವರ್ಷದಿಂದ ವರ್ಷಕ್ಕೆ ನಡೆಯುವ ಅಥವಾ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಾಯಿತ ಪತ್ರ ಬೇಕು. 2023ರ ಸೆಪ್ಟೆಂಬರ್‌ನಲ್ಲಿ ತೀರ್ಮಾನವಾದ ಪಾಲ್ ರಬ್ಬರ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಐದು ವರ್ಷಗಳ ಗುತ್ತಿಗೆ ಪತ್ರವಿತ್ತು, ನೋಂದಣಿಯಾಗಿರಲಿಲ್ಲ. ತಯಾರಿಕೆಯ ಗುತ್ತಿಗೆಯಾದ್ದರಿಂದ 6 ತಿಂಗಳ ನೋಟೀಸು ಬೇಕೆಂದು ಬಾಡಿಗೆದಾರ ಕಂಪನಿ ವಾದಿಸಿತು. ನೋಂದಣಿಯಾಗದ ಪತ್ರದಲ್ಲಿ ಬರೆದ ಉದ್ದೇಶವನ್ನು ನೋಡಲು ಬರುವುದಿಲ್ಲವೆಂದು ಹೇಳಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ನೋಂದಣಿಯ ಖರ್ಚನ್ನು ಉಳಿಸಿದ್ದಕ್ಕೆ ಬೆಲೆಯಾಗಿ 6 ತಿಂಗಳು 15 ದಿನವಾಯಿತು.

"ಹನ್ನೊಂದು ತಿಂಗಳ ಅಗ್ರಿಮೆಂಟ್" ರೂಢಿಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ನೋಂದಣಿ ತಪ್ಪಿಸುವುದಕ್ಕೆ ಅದು ಸರಿಯಾದ ದಾರಿಯೇ. ಆದರೆ ಒಳಾಂಗಣಕ್ಕೋ ಯಂತ್ರದ ಅಡಿಪಾಯಕ್ಕೋ ಲಕ್ಷಾಂತರ ರೂಪಾಯಿ ಸುರಿದವನು ಅದರಿಂದ ಪಡೆಯುವ ಭದ್ರತೆ ಹನ್ನೊಂದು ತಿಂಗಳದ್ದು ಮಾತ್ರ. ಎಷ್ಟು ವರ್ಷಗಳಲ್ಲಿ ಬಂಡವಾಳ ಮರಳುತ್ತದೆಯೋ ಕನಿಷ್ಠ ಅಷ್ಟು ವರ್ಷಗಳ ನೋಂದಾಯಿತ ಗುತ್ತಿಗೆ ಇರಬೇಕು ಎಂಬುದು ನನ್ನ ಸಲಹೆ.

4. ಮುದ್ರಾಂಕದ ಕೊರತೆ

ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರ 33 ಮತ್ತು 34ನೆಯ ಕಲಮುಗಳ ಪ್ರಕಾರ ಕಡಿಮೆ ಮುದ್ರಾಂಕದ ಪತ್ರವನ್ನು ನ್ಯಾಯಾಲಯ ವಶಕ್ಕೆ ತೆಗೆದುಕೊಳ್ಳಬೇಕು; ಕೊರತೆಯ ಶುಲ್ಕವನ್ನೂ ಅದರ 10 ಪಟ್ಟು ದಂಡವನ್ನೂ ತೆತ್ತ ಹೊರತು ಅದು ಸಾಕ್ಷ್ಯವಾಗದು. ಸ್ವಾಧೀನ ಕೊಟ್ಟು ಬರೆದ ಕ್ರಯದ ಕರಾರಿಗೆ ಕ್ರಯಪತ್ರಕ್ಕೆ ತಗಲುವಷ್ಟೇ ಮುದ್ರಾಂಕ ಬೇಕೆಂಬುದು ಹಲವರಿಗೆ ತಿಳಿದಿಲ್ಲ. ಕೊರತೆ 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ದಂಡ 30 ಲಕ್ಷ, ಒಟ್ಟು 33 ಲಕ್ಷ. "ಸ್ವಾಧೀನ ವಹಿಸಿಕೊಡಲಾಗಿದೆ" ಎಂಬ ಒಂದೇ ವಾಕ್ಯದ ಬೆಲೆ ಇಷ್ಟಾಗಬಹುದು.

5. ದಾವೆಯ ಹಾದಿ

(ಅ) ಯಾವ ನ್ಯಾಯಾಲಯ? ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಸ್ಥಳದ ನ್ಯಾಯಾಲಯದಲ್ಲೇ ಹೂಡಬೇಕು. ಬೆಂಗಳೂರು ನಗರ ಸಿವಿಲ್ ನ್ಯಾಯಾಲಯ 1979ರ ಕಾಯ್ದೆಯಿಂದ ಸ್ಥಾಪಿತವಾದುದು. ವ್ಯಾಪಾರಕ್ಕೆಂದೇ ಬಳಸುವ ಸ್ಥಿರಾಸ್ತಿಯ ಕರಾರಿನಿಂದ ಹುಟ್ಟಿದ, 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಮೌಲ್ಯದ ವಿವಾದವು ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ, 2015ರ ವ್ಯಾಪ್ತಿಗೆ ಬರುತ್ತದೆ. ಮುಂದೆ ವ್ಯಾಪಾರಕ್ಕೆ ಬಳಸುವ ಉದ್ದೇಶವಿದ್ದರೆ ಸಾಲದು, ಈಗಾಗಲೇ ಬಳಕೆಯಲ್ಲಿರಬೇಕೆಂದು ಅಂಬಾಲಾಲ್ ಸಾರಾಭಾಯ್ ಪ್ರಕರಣದಲ್ಲಿ 2019ರಲ್ಲಿ ತೀರ್ಮಾನವಾಗಿದೆ.

(ಆ) ದಾವೆಗೆ ಮುನ್ನ ಸಂಧಾನ. ಇಂಗ್ಲೆಂಡಿನಲ್ಲಿ ಲಾರ್ಡ್ ವುಲ್ಫ್ ಅವರ ಶಿಫಾರಸಿನಂತೆ 1999ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ನಿಯಮಗಳು, ದಾವೆ ಹೂಡುವ ಮೊದಲು ಪಕ್ಷಗಾರರು ಪತ್ರ, ದಾಖಲೆಗಳನ್ನು ವಿನಿಮಯ ಮಾಡಿಕೊಂಡು ರಾಜಿಗೆ ಯತ್ನಿಸುವ ಪದ್ಧತಿಯನ್ನು ಬಲಪಡಿಸಿದವು. ನಮ್ಮ ವಾಣಿಜ್ಯ ದಾವೆಗಳಲ್ಲಿ 12-ಎ ಕಲಮಿನ ಸಂಧಾನ ಅಂತಹುದೇ. ತುರ್ತು ಮಧ್ಯಂತರ ಪರಿಹಾರ ಬೇಡದ ದಾವೆಗೆ ಇದು ಕಡ್ಡಾಯ. ಇಲ್ಲದಿದ್ದರೆ ವಾದಪತ್ರ ತಿರಸ್ಕೃತವಾಗುತ್ತದೆಂದು 2022ರ ಆಗಸ್ಟ್‌ನ ಪಾಟೀಲ್ ಆಟೋಮೇಷನ್ ತೀರ್ಪು ಹೇಳುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ 3 ತಿಂಗಳಲ್ಲಿ, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳಲ್ಲಿ ಸಂಧಾನ ಮುಗಿಯಬೇಕು. ಈ ಅವಧಿಯನ್ನು ಕಾಲಮಿತಿಯಲ್ಲಿ ಎಣಿಸುವುದಿಲ್ಲ.

(ಇ) ಸಮನ್ಸ್ ಮತ್ತು ಲಿಖಿತ ಹೇಳಿಕೆ. ಸಮನ್ಸ್ ಕೈಸೇರಿದ 30 ದಿನಗಳಲ್ಲಿ ಪ್ರತಿವಾದಿ ಉತ್ತರಿಸಬೇಕು. ಸಾಮಾನ್ಯ ದಾವೆಯಲ್ಲಿ ಇದು 90 ದಿನಗಳವರೆಗೆ ವಿಸ್ತರಿಸಬಹುದು. ಅದರಾಚೆಗೂ ವಿಶೇಷ ಕಾರಣವಿದ್ದರೆ ನ್ಯಾಯಾಲಯ ಅವಕಾಶ ಕೊಟ್ಟೀತು. ವಾಣಿಜ್ಯ ದಾವೆಯಲ್ಲಿ 120 ದಿನವೇ ಕೊನೆ. 121ನೆಯ ದಿನ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ ಎಂದು ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ 2019ರಲ್ಲಿ ಖಚಿತವಾಗಿದೆ. ಅಂಗಡಿಯ ಮೇಜಿನ ಖಾನೆಯಲ್ಲಿ ಸಮನ್ಸ್ ಉಳಿದುಬಿಟ್ಟರೆ ಆಗುವ ನಷ್ಟ ಇದು.

(ಈ) ತಡೆಯಾಜ್ಞೆ. ಮೇಲ್ನೋಟಕ್ಕೆ ಪ್ರಕರಣವಿದೆಯೇ, ಅನುಕೂಲ-ಅನನುಕೂಲಗಳ ತೂಕ ಯಾರ ಕಡೆಗಿದೆ, ತುಂಬಲಾರದ ನಷ್ಟವಾಗುತ್ತದೆಯೇ ಎಂಬ ಮೂರನ್ನು ನ್ಯಾಯಾಲಯ ಪರಿಶೀಲಿಸುತ್ತದೆ. ನಿಮ್ಮ ವಿರುದ್ಧ ಏಕಪಕ್ಷೀಯ ಆಜ್ಞೆ ಬರಬಹುದೆಂಬ ಸಂಶಯವಿದ್ದರೆ ಮುಂಚಿತವಾಗಿ ಕೇವಿಯಟ್ ಸಲ್ಲಿಸಬಹುದು. ಅದು 90 ದಿನ ಊರ್ಜಿತದಲ್ಲಿರುತ್ತದೆ. ಇನ್ನೊಂದು ಎಚ್ಚರಿಕೆ. ಮಾಲೀಕತ್ವವೇ ವಿವಾದದಲ್ಲಿರುವಾಗ ಬರೀ ತಡೆಯಾಜ್ಞೆಯ ದಾವೆ ಸಾಲದು, ಹಕ್ಕು ಘೋಷಣೆಯನ್ನೂ ಕೋರಬೇಕು ಎಂಬುದು 2008ರ ಅನತುಲ ಸುಧಾಕರ್ ತೀರ್ಪಿನ ಸಾರ. ಶುಲ್ಕ ಉಳಿಸಲು ಬರೀ ತಡೆಯಾಜ್ಞೆ ಕೇಳಿದವರು ವರ್ಷಗಳ ನಂತರ ಹೊಸದಾಗಿ ಆರಂಭಿಸಬೇಕಾದೀತು.

(ಉ) ಬೀಗ ಜಡಿದರೆ? ಬಾಡಿಗೆಯ ಅವಧಿ ಮುಗಿದಿದ್ದರೂ ಮಾಲೀಕ ಕಾನೂನಿನ ಕ್ರಮವಿಲ್ಲದೆ ಬಲವಂತವಾಗಿ ಹೊರಹಾಕುವಂತಿಲ್ಲ. ಹಾಗಾದಲ್ಲಿ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮಿನಂತೆ ಸ್ವಾಧೀನವನ್ನು ಮರಳಿ ಪಡೆಯಬಹುದು. ಮಾಲೀಕತ್ವದ ಪ್ರಶ್ನೆ ಅಲ್ಲಿ ಬರುವುದಿಲ್ಲ. ಆದರೆ ದಾವೆಯನ್ನು 6 ತಿಂಗಳೊಳಗೆ ಹೂಡಬೇಕು. ಮಾತುಕತೆಯಲ್ಲಿ ಏಳನೆಯ ತಿಂಗಳು ಬಂದರೆ ಈ ಸುಲಭದ ದಾರಿ ಮುಚ್ಚಿಹೋಗುತ್ತದೆ.

6. ಲೆಕ್ಕದ ಪುಸ್ತಕವೆಂಬ ಸಾಕ್ಷಿ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಕಲಮು, ವ್ಯವಹಾರದ ಕ್ರಮದಲ್ಲಿ ನಿಯತವಾಗಿ ಇಟ್ಟ ಲೆಕ್ಕದ ಪುಸ್ತಕಗಳ ನಮೂದುಗಳನ್ನು, ಕಂಪ್ಯೂಟರಿನಲ್ಲಿಟ್ಟವನ್ನೂ ಸೇರಿಸಿ, ಸುಸಂಗತವೆಂದು ಒಪ್ಪುತ್ತದೆ. ಆದರೆ ಅವಷ್ಟರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. ನಮೂದಿಗೆ ಬೆಂಬಲವಾಗಿ ರಸೀದಿ, ಬ್ಯಾಂಕ್ ಪಾವತಿ, ಬಾಡಿಗೆಯ ಮೇಲೆ ಕಡಿತ ಮಾಡಿದ ತೆರಿಗೆಯ ವಿವರ, ಜಿಎಸ್‌ಟಿ ಬಿಲ್ಲು ಇರಬೇಕು. ಮುಂಗಡವನ್ನು ಕೊಟ್ಟವರ ಪುಸ್ತಕದಲ್ಲಿ ಠೇವಣಿಯೆಂದೂ ಪಡೆದವರ ಪುಸ್ತಕದಲ್ಲಿ ಬಾಡಿಗೆಯೆಂದೂ ಬರೆದಿದ್ದರೆ ಪಾಟಿ ಸವಾಲಿನಲ್ಲಿ ಇಬ್ಬರಿಗೂ ಕಷ್ಟ. ವಾಟ್ಸ್ಆ್ಯಪ್ ಸಂದೇಶ, ಇ-ಮೇಲ್‌ಗಳಿಗೆ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುವುದರಿಂದ, ಅವು ಬಂದ ಫೋನನ್ನು ಮಾರುವ ಮುನ್ನ ಯೋಚಿಸಿರಿ.

ಆಸ್ತಿಯ ಗುರುತಿನ ವಿಷಯವೂ ದಾಖಲೆಯದೇ. ಬಿಟಿಎಂ ಬಡಾವಣೆಯ ಹೆಸರಿನಲ್ಲೇ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿವೆ. ನಮ್ಮ ಭಾಗದಲ್ಲಿ ಹಳ್ಳಿಯ ಸರ್ವೆ ನಂಬರಿನ ಮೇಲೆ ಬಡಾವಣೆಯ ನಿವೇಶನ ಸಂಖ್ಯೆ, ಅದರ ಮೇಲೆ ಪಾಲಿಕೆಯ ಖಾತೆ ಸಂಖ್ಯೆ ಬಂದು ಕೂತಿವೆ. ಕರಾರಿನ ಷೆಡ್ಯೂಲಿನಲ್ಲಿ ಮೂರನ್ನೂ, ಚಕ್ಕುಬಂದಿಯನ್ನೂ, ಅಳತೆಯನ್ನೂ ಬರೆಯಿಸಬೇಕು.

ಕೊಳ್ಳುವ ಮುನ್ನ ಋಣಭಾರ ಪ್ರಮಾಣಪತ್ರ ನೋಡಿದರೆ ಸಾಕೆಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ದಾವೆ ನಡೆಯುತ್ತಿರುವಾಗ ಆಸ್ತಿಯನ್ನು ಕೊಂಡವನು ತೀರ್ಪಿಗೆ ಬದ್ಧ ಎಂಬ ತತ್ವ ಇಂಗ್ಲೆಂಡಿನ 1857ರ ಬೆಲ್ಲಾಮಿ ಪ್ರಕರಣದಿಂದ ಬಂದು ನಮ್ಮ 52ನೆಯ ಕಲಮಾಗಿದೆ. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ದಾವೆಯ ಸೂಚನೆಯನ್ನು ನೋಂದಾಯಿಸುವ ಪದ್ಧತಿಯಿದೆ. ಕರ್ನಾಟಕದಲ್ಲಿ ಆ ಕಡ್ಡಾಯವಿಲ್ಲದ್ದರಿಂದ ಬಾಕಿಯಿರುವ ದಾವೆ ಋಣಭಾರ ಪತ್ರದಲ್ಲಿ ಕಾಣದಿರಬಹುದು. ಮಾರುವವರ ಹೆಸರನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿಯೂ ಹುಡುಕತಕ್ಕದ್ದು.

7. ಡಿಕ್ರಿಯಿಂದ ಸ್ವಾಧೀನದವರೆಗೆ

ವಿವಾದಾಂಶಗಳ ರಚನೆ, ಸಾಕ್ಷ್ಯ, ಪಾಟಿ ಸವಾಲು, ವಾದ, ತೀರ್ಪು ಇವೆಲ್ಲ ಮುಗಿದು ಡಿಕ್ರಿ ದೊರೆತರೂ ಬೀಗದ ಕೈ ದೊರೆತಂತಲ್ಲ. ಅದಕ್ಕೆ ಅಮಲ್ಜಾರಿ ಅರ್ಜಿ ಹಾಕಬೇಕು. ಬೆಂಗಳೂರಿನ ಒಂದು ಆಸ್ತಿಗೆ ಸಂಬಂಧಿಸಿ 1987ರಲ್ಲಿ ಹೂಡಿದ ದಾವೆಗಳಿಗೆ 2006ರಲ್ಲಿ ಡಿಕ್ರಿಯಾಯಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಅದೇ ಡಿಕ್ರಿಯ ಅಮಲ್ಜಾರಿಯ ಪ್ರಶ್ನೆಯಿತ್ತು. ಮೂವತ್ತನಾಲ್ಕು ವರ್ಷ! ರಾಹುಲ್ ಷಾ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ಅಮಲ್ಜಾರಿಯನ್ನು 6 ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ದಾಖಲಿಸಬೇಕೆಂದು ನಿರ್ದೇಶನವಿದೆ. ನಿರ್ದೇಶನ ಸ್ವಾಗತಾರ್ಹ, ಆದರೆ ದುಡಿಯುವ ಬಂಡವಾಳವನ್ನು ದಾವೆಯಲ್ಲಿ ಸಿಕ್ಕಿಸಿಕೊಂಡ ವ್ಯಾಪಾರಿ ಅದರ ಬಡ್ಡಿಯ ಲೆಕ್ಕವನ್ನು ತಾನೇ ಹಾಕಿಕೊಳ್ಳಬೇಕು. 40 ಲಕ್ಷ ರೂಪಾಯಿ ಮುಂಗಡ ಶೇ. 10ರ ದರದಲ್ಲಿ ಹತ್ತು ವರ್ಷ ನಿಂತರೆ ಸರಳ ಬಡ್ಡಿಯೇ ಇನ್ನೊಂದು 40 ಲಕ್ಷ. ಸಂಧಾನದಲ್ಲಿ ಸ್ವಲ್ಪ ಬಿಟ್ಟುಕೊಡುವುದು ಸೋಲೆಂದು ಭಾವಿಸುವವರು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಯೋಚಿಸುವುದು ಒಳ್ಳೆಯದು.

8. ಈಗಲೇ ಮಾಡಬೇಕಾದುದು

ಸದಸ್ಯರು ತಮ್ಮ ಬಾಡಿಗೆ ಪತ್ರವನ್ನು ಹೊರತೆಗೆದು ಐದು ಅಂಶಗಳನ್ನು ಪರೀಕ್ಷಿಸಲಿ. (1) ಅವಧಿ ಒಂದು ವರ್ಷ ಮೀರಿದ್ದರೆ ನೋಂದಣಿಯಾಗಿದೆಯೇ? (2) ಮುದ್ರಾಂಕ ಸಾಕಷ್ಟಿದೆಯೇ? (3) ನೋಟೀಸಿನ ಅವಧಿ ಸ್ಪಷ್ಟವಾಗಿ ಬರೆದಿದೆಯೇ? (4) ಮುಂಗಡ ಬ್ಯಾಂಕಿನ ಮೂಲಕ ಹೋಗಿ ಇಬ್ಬರ ಪುಸ್ತಕದಲ್ಲೂ ಒಂದೇ ರೀತಿ ದಾಖಲಾಗಿದೆಯೇ? (5) ಅವಧಿ ಮುಗಿದಿದ್ದರೆ ನವೀಕರಣವಾಗಿದೆಯೇ? ಕ್ರಯದ ಕರಾರು ಇದ್ದವರು ಅದರಲ್ಲಿನ ದಿನಾಂಕ ನೋಡಿ ಮೂರು ವರ್ಷ ಎಂದು ತುಂಬುತ್ತದೆಂಬುದನ್ನು ಬರೆದಿಟ್ಟುಕೊಳ್ಳಲಿ. ಕೊರತೆ ಕಂಡುಬಂದರೆ, ಎದುರು ಪಕ್ಷದವರೊಡನೆ ಸೌಹಾರ್ದ ಇರುವಾಗಲೇ ಹೊಸ ಪತ್ರ ಬರೆಯಿಸಿಕೊಳ್ಳುವುದು ಸುಲಭ. ಮನಸ್ಸು ಮುರಿದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಪ್ರತಿ ಪ್ರಕರಣದ ಸಂಗತಿಗಳು ಬೇರೆಯಾಗಿರುವುದರಿಂದ ದಾವೆಯ ವಿಷಯದಲ್ಲಿ ಸಿವಿಲ್ ವಕೀಲರ ಸಲಹೆ ಪಡೆಯಲೇಬೇಕು. ಅವರ ಬಳಿಗೆ ಒಯ್ಯುವ ಕಡತ ಕ್ರಮವಾಗಿದ್ದರೆ ಅವರ ಕೆಲಸವೂ ಸುಲಭ, ನಿಮ್ಮ ಖರ್ಚೂ ಕಡಿಮೆ.